ಅಮಾವಾಸ್ಯೆಯ ಟಿಕೆಟ್ಟಿನಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ

ಹಾಸನದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿ ಮಂಜುಳ ವಿಮಾನದ ಟಿಕೆಟ್ ಮಾರುತ್ತಿದ್ದಳು. 2006ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಹೊಳೆನರಸೀಪುರದ ನಮ್ಮ ಹೈಸ್ಕೂಲಿಗೆ ಅವಳ ಫೋನ್ ಬಂತು. ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ಅಲ್ಲೇ ಬಿಟ್ಟು ಹೆಡ್‌ಮಾಸ್ಟರ ಕೋಣೆಗೆ ಓಡಿದೆ.

"ಮಿಸ್, ನೀವು ಬೋರ್ಡ್ ಮೇಲೆ ಬರೀತಿದ್ರಲ್ಲ, ಆ ಊರಿಗೆ ಎರಡು ಸೀಟು ಉಳಿದಿದೆ. ಅರ್ಧ ರೇಟು. ಬೇಗ ಹೇಳಿ" ಎಂದಳು.

ಆ ಊರು ಎಂದರೆ ಕಾನ್‌ಸ್ಟಾಂಟಿನೋಪಲ್, ಈಗಿನ ಇಸ್ತಾಂಬುಲ್. ನಾನು ಇತಿಹಾಸದ ಮೇಡಂ. ಕ್ರಿ.ಶ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು ಎಂಬ ವಾಕ್ಯವನ್ನು ಇಪ್ಪತ್ತೆಂಟು ವರ್ಷ ಹೇಳಿದ್ದೆ. ನಮ್ಮ ಕಡೆಯ ಮಕ್ಕಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದನ್ನು ಒಪ್ಪಿಸುತ್ತಾರೆ. ಪ್ರತಿ ವರ್ಷ ಬೋರ್ಡಿನ ಮೇಲೆ ಮುಕ್ಕೋನದ ಊರು, ಸುತ್ತ ನೀರು, ಕೋಟೆಗೋಡೆ, ಬೋರಲು ಹಾಕಿದ ಮಡಕೆಯಂಥ ಒಂದು ಗುಮ್ಮಟ ಬರೆಯುತ್ತಿದ್ದೆ. ಯಾವುದನ್ನೂ ಕಂಡವಳಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅಷ್ಟರೊಳಗೆ ಆ ಊರನ್ನು ಕಣ್ಣಾರೆ ನೋಡಬೇಕು, ಒಂದೆರಡು ವರ್ಷವಾದರೂ ಕಂಡದ್ದನ್ನು ಕಂಡ ಹಾಗೆ ಪಾಠ ಮಾಡಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಅದಕ್ಕಾಗಿಯೇ ಮಾಡಿಸಿದ್ದ ಪಾಸ್‌ಪೋರ್ಟ್ ನಾಲ್ಕು ವರ್ಷದಿಂದ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು.

ಶನಿವಾರ ಹಾಸನಕ್ಕೆ ಹೋದಾಗ ಅರ್ಧ ರೇಟಿನ ಗುಟ್ಟು ತಿಳಿಯಿತು. ಹಾಸನದ ಎಂಟು ಮಂದಿ ನಿವೃತ್ತ ಅಧ್ಯಾಪಕರು ಗುಂಪಾಗಿ ಟಿಕೆಟ್ ಹಿಡಿದಿದ್ದರು. ಜೊತೆಗೆ ಹೊರಟಿದ್ದ ಒಬ್ಬ ವಕೀಲರು ಮತ್ತು ಅವರ ಹೆಂಡತಿ ಹೊರಡುವ ದಿನವನ್ನು ಪಂಚಾಂಗದಲ್ಲಿ ನೋಡಿ ಹಿಂದೆ ಸರಿದಿದ್ದರು. ಅಂದು ಮಹಾಲಯ ಅಮಾವಾಸ್ಯೆ. "ಇಲ್ಲಿ ಪಿತೃಪಕ್ಷ, ಅಲ್ಲಿ ರಂಜಾನ್ ಶುರು. ಎರಡೂ ಕಡೆ ಜನ ಇಲ್ಲ ಮಿಸ್, ಅದಕ್ಕೇ ಸೋವಿ" ಎಂದಳು ಮಂಜುಳ. ಹೋಗಿ ಬರಲು ಹದಿನೇಳು ಸಾವಿರ. ಒಮ್ಮೆ ಕೊಂಡರೆ ದಿನ ಬದಲಾಯಿಸುವಂತಿಲ್ಲ, ದುಡ್ಡು ವಾಪಸ್ಸಿಲ್ಲ. ನನಗೆ ಒಂದು, ನಮ್ಮ ಯಜಮಾನರಿಗೆ ಒಂದು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಒಂದೇ ಕೊಂಡೆ.

ನಮ್ಮ ಯಜಮಾನರು ದೇವಸ್ಥಾನದ ಅರ್ಚಕರು, ಊರಿನ ಪುರೋಹಿತರೂ ಹೌದು. ಮಹಾಲಯ ಅಮಾವಾಸ್ಯೆಯ ದಿನ ಬೆಳಗಿನ ಜಾವದಿಂದ ಹೊಳೆಯಲ್ಲಿ ನಿಂತು ಊರವರಿಗೆಲ್ಲ ತರ್ಪಣ ಬಿಡಿಸಬೇಕು. ಅವರು ಬರುವ ಮಾತೇ ಇರಲಿಲ್ಲ. ನಾನು ಹೋಗುವುದಕ್ಕೆ ಅವರು ಅಡ್ಡಿ ಮಾಡಲಿಲ್ಲ, ಆದರೆ ದಿನ ಕೇಳಿ ತಲೆ ಚಚ್ಚಿಕೊಂಡರು.

"ಅಮಾವಾಸ್ಯೆ, ಮೇಲೆ ಶುಕ್ರವಾರ. ಶುಕ್ರವಾರ ಪಶ್ಚಿಮಕ್ಕೆ ಶೂಲೆ ಕಣೇ, ಆ ದಿಕ್ಕಿಗೆ ಹೊರಡಬಾರದು. ನಿನಗೆ ಬೇರೆ ದಿನವೇ ಸಿಗಲಿಲ್ಲವೇ?"

"ಬೆಂಗಳೂರು ಪೂರ್ವಕ್ಕಲ್ಲವೇ ಇರುವುದು? ನಾನು ಪೂರ್ವಕ್ಕೆ ಹೊರಡುತ್ತೇನೆ" ಎಂದೆ. ಪೂರ್ವ ದೇಶಕ್ಕೆ ಹೋಗಲು ಪಶ್ಚಿಮಕ್ಕೆ ಹಡಗು ಬಿಟ್ಟವನ ಪಾಠವನ್ನು ಅಷ್ಟು ವರ್ಷ ಮಾಡಿದವಳು, ಪಶ್ಚಿಮಕ್ಕೆ ಹೋಗಲು ಪೂರ್ವಕ್ಕೆ ಹೊರಟಿದ್ದೆ. ಅವರು ನಗಲಿಲ್ಲ. ಪ್ರಸ್ಥಾನ ಇಡೋಣ ಎಂದರು.

ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮುಂಚೆ ಒಂದು ಒಳ್ಳೆಯ ದಿನ ನೋಡಿ, ಒಯ್ಯುವ ಸಾಮಾನಿನಲ್ಲಿ ಒಂದಿಷ್ಟನ್ನು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಡುವುದು ನಮ್ಮಲ್ಲಿ ವಾಡಿಕೆ. ಗಂಟು ಹೊರಟರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ಅದನ್ನು ಮನೆಗೆ ವಾಪಸ್ ತರಬಾರದು, ಹೊರಡುವಾಗ ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ಹೊರಡುವ ವಾರದ ಸೋಮವಾರ ಏಕಾದಶಿ, ಪುಷ್ಯ ನಕ್ಷತ್ರ. ಅವರು ಹಳದಿ ಬಟ್ಟೆಯಲ್ಲಿ ಅಕ್ಕಿ, ಅರಿಸಿನದ ಕೊಂಬು, ಒಂದು ಬೆಳ್ಳಿ ನಾಣ್ಯ ಇಟ್ಟು, "ಯಾವುದಿಲ್ಲದೆ ನೀನು ಹೋಗಲಾರೆಯೋ ಅಂಥದ್ದೊಂದು ಕೊಡು" ಎಂದರು. ನನಗೆ ಶಾಲೆಗೆ ಹೊತ್ತಾಗಿತ್ತು, ತಲೆ ಬಿಸಿಯಾಗಿತ್ತು. ವೀಸಾ ಒತ್ತಿಸಿಕೊಂಡು ಹಿಂದಿನ ವಾರವಷ್ಟೇ ಬಂದಿದ್ದ ಪಾಸ್‌ಪೋರ್ಟನ್ನೂ ಟಿಕೆಟ್ಟನ್ನೂ, "ತಗೊಳ್ಳಿ, ಇದಿಲ್ಲದೆ ಹೋಗೋಕಾಗಲ್ಲ" ಎಂದು ಗಂಟಿನೊಳಗೆ ಒಗೆದೆ. ಅವರು ಅಷ್ಟೇ ಶ್ರದ್ಧೆಯಿಂದ ಮೂರು ಗಂಟು ಬಿಗಿದು, ನಮ್ಮ ಬೀದಿಯ ಪಶ್ಚಿಮದ ಕೊನೆಯಲ್ಲಿರುವ ಪುಟ್ಟಲಕ್ಷ್ಮಮ್ಮನ ಮನೆಯಲ್ಲಿ ಇಟ್ಟು ಬಂದರು. ಪುಟ್ಟಲಕ್ಷ್ಮಮ್ಮ ಗೌಡರ ಮನೆಯ ಹೆಂಗಸು, ಇಪ್ಪತ್ತು ವರ್ಷದಿಂದ ನಮಗೆ ಹಾಲು ಕೊಡುವವಳು.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಸೂಟ್‌ಕೇಸ್ ಎತ್ತಿಕೊಂಡು ಮನೆ ಬಿಟ್ಟೆ. ಯಜಮಾನರು ಆಗಲೇ ಹೊಳೆಗೆ ಹೋಗಿದ್ದರು. ಹಾಸನದ ಗುಂಪು ವ್ಯಾನಿನಲ್ಲಿ ಹೊರಟು ಹನ್ನೆರಡಕ್ಕೆ ಚನ್ನರಾಯಪಟ್ಟಣಕ್ಕೆ ಬರುವುದು, ನಾನು ಅಲ್ಲಿ ಸೇರಿಕೊಳ್ಳುವುದು, ಸಂಜೆ ಏಳೂ ಮುಕ್ಕಾಲಕ್ಕೆ ಬೆಂಗಳೂರಿನಿಂದ ವಿಮಾನ. ಸಾಕಷ್ಟು ಸಮಯವಿತ್ತು. ಪುಟ್ಟಲಕ್ಷ್ಮಮ್ಮನ ಮನೆಗೆ ಬೀಗ ಹಾಕಿತ್ತು.

ಎದುರು ಮನೆಯಾಕೆ ಪಾತ್ರೆ ತೊಳೆಯುತ್ತಲೇ ಹೇಳಿದಳು: "ಅವ್ರಾ? ನೆನ್ನೇನೇ ಅರಕಲಗೂಡಿಗೆ ಓದ್ರಲ್ಲ, ಕೊಣನೂರು ರೋಡಿನ ಅವ್ರ ಅಳ್ಳೀಗೆ. ಮೂಲದ್ ಮನೇಲಿ ಇರೀಕ್ರಿಗೆ ಎಡೆ. ಮಕ್ಳು ಮರಿ ಎಲ್ಲಾ ಓಗವ್ರೆ."

ಪುಟ್ಟಲಕ್ಷ್ಮಮ್ಮನ ಮಗನ ಮೊಬೈಲಿಗೆ ಪಕ್ಕದ ಅಂಗಡಿಯಿಂದ ನಾಲ್ಕು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಪೆಟ್ಟಿಗೆ ಸಮೇತ ಹೊಸಲು ದಾಟಿದವಳು ಮನೆಗೆ ಹಿಂದಿರುಗುವಂತಿಲ್ಲ, ಪಾಸ್‌ಪೋರ್ಟ್ ಇಲ್ಲದೆ ಮುಂದೆ ಹೋಗುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಯಾರನ್ನು ಬಯ್ಯುವುದು? ಗಂಟಿನೊಳಗೆ ಒಗೆದ ಕೈ ನನ್ನದೇ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಏಳೂವರೆಯ ಅರಕಲಗೂಡು ಬಸ್ಸು ಹತ್ತಿದೆ. ಟಿಕೆಟ್ ಹದಿನಾಲ್ಕು ರೂಪಾಯಿ, ಸೂಟ್‌ಕೇಸಿಗೆ ಅರ್ಧ ಟಿಕೆಟ್ ಬೇರೆ. ಅಂತೂ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟವಳು ಶೂಲೆಯಿದ್ದ ಶುಕ್ರವಾರ ಸರಿಯಾಗಿ ಪಶ್ಚಿಮಕ್ಕೇ ಹೊರಟ ಹಾಗಾಯಿತು.

ದಾರಿಯುದ್ದಕ್ಕೂ ಮೋಡ ಮುಚ್ಚಿತ್ತು, ಮಳೆ ಬರಲಿಲ್ಲ. ಆಲೂಗೆಡ್ಡೆ ಕಿತ್ತ ಹೊಲಗಳಲ್ಲಿ ಕೊಕ್ಕರೆಗಳು ಓಡಾಡುತ್ತಿದ್ದವು. ನಾನು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೆ. ಎಂಟೂವರೆಗೆ ಅರಕಲಗೂಡಿನಲ್ಲಿ ಇಳಿದು, ಕೊಣನೂರು ರಸ್ತೆಯ ಬದಿಯ ಆ ಹಳ್ಳಿಗೆ ಆಟೋ ಮಾಡಿಕೊಂಡು, ವಿಚಾರಿಸುತ್ತ ಹೋಗಿ ಮನೆ ಮುಟ್ಟಿದಾಗ ಒಂಬತ್ತಕ್ಕೆ ಹತ್ತು ನಿಮಿಷ. ಅಂಗಳದ ತುಂಬ ಜನ. ಕಜ್ಜಾಯ ಕರಿದ ವಾಸನೆ. ಎಲ್ಲರೂ ಸುಮ್ಮನೆ ಕೂತಿದ್ದರು.

ಪುಟ್ಟಲಕ್ಷ್ಮಮ್ಮ ನನ್ನನ್ನೂ ಸೂಟ್‌ಕೇಸನ್ನೂ ನೋಡಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಮೇಡಮ್ಮೋರೇ, ನೀವ್ಯಾಕೆ ಇಲ್ಲೀಗಂಟ ಬಂದ್ರಿ! ಬೀಗ ಆಕಿದ್ ಮನೇಲಿ ಗಂಟ್ನ ಒಂಟಿಯಾಗಿ ಬುಡಬಾರ್ದು ಅಂತ ಜೊತೇಲಿ ತಂದೆ. ಸಂಜೀಕೆ ತಂದ್ಕೊಡಮಾ ಅಂತಿದ್ದೆ."

"ಸಂಜೆ ವಿಮಾನ ಹೊರಟು ಹೋಗುತ್ತಲ್ಲ ಪುಟ್ಟಲಕ್ಷ್ಮಮ್ಮ!"

"ಬೂವನಹಳ್ಳೀಗೆ ಎಷ್ಟೊತ್ತು ಬುಡಿ, ಬಸ್ನಾಗೆ ಓಗ್ಬೋದಲ್ಲ."

ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆಗುತ್ತದೆ ಎಂಬ ಸುದ್ದಿ ವರ್ಷಗಳಿಂದ ಇತ್ತು. ಅಲ್ಲಿ ದನ ಮೇಯುತ್ತಿದ್ದವು. ಪುಟ್ಟಲಕ್ಷ್ಮಮ್ಮನ ಲೆಕ್ಕದಲ್ಲಿ ನಿಲ್ದಾಣ ಎಂದೋ ಮುಗಿದು, ನಾನು ಅಲ್ಲಿಂದಲೇ ಹಾರುವವಳಾಗಿದ್ದೆ. ಗಂಟು ಎಲ್ಲಿದೆ ಎಂದು ಕೇಳಿದೆ. ಅವಳು ಮುಚ್ಚಿದ ನಡುಮನೆಯ ಬಾಗಿಲ ಕಡೆ ನೋಡಿದಳು.

"ಒಳೀಕೆ. ದೂರ ಓಗೋರ ಗಂಟು, ಇರೀಕ್ರ ಮುಂದೆ ಇರ್ಲಿ ಅಂತ ಮಡಗಿವ್ನಿ. ಮ್ಯಾಲಿನ ಗೂಡಲ್ಲಿ ಐತೆ, ಬಾಡಿನ ಎಡೆಗೆ ಸೋಕಿಲ್ಲ, ನೀವು ಯೋಚ್ನೆ ಮಾಡ್ಬೇಡಿ."

ಅವರ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ, ಮಾಡಿದ ಅಡಿಗೆಯನ್ನೆಲ್ಲ ಎಡೆಯಿಟ್ಟು, ಬಾಗಿಲು ಹಾಕಿ, ಮನೆಯವರು ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ತೆರೆಯುವಂತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ತುತ್ತು ಬಾಗಿಲ ಆಚೆ ಹತ್ತು ಅಡಿ ದೂರದಲ್ಲಿತ್ತು.

ಮನೆಯ ಯಜಮಾನ ಚಿಕ್ಕೇಗೌಡರು, ಪುಟ್ಟಲಕ್ಷ್ಮಮ್ಮನ ಗಂಡನ ದೊಡ್ಡಪ್ಪ, ಎಂಬತ್ತು ದಾಟಿದವರು. ಬಾಗಿಲ ಪಕ್ಕ ಕಂಬಳಿ ಹಾಸಿಕೊಂಡು ಕೂತಿದ್ದರು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ.

"ಈಗ ಆಕಿದೀವಿ ಕಣವ್ವ. ಅವ್ರು ಉಂಡಾಗ ಆಯ್ತದೆ. ಕುಂತ್ಕಳಿ."

ಕೂತೆ. ಒಂಬತ್ತೂಕಾಲಾಯಿತು. ಇಪ್ಪತ್ತೆಂಟು ವರ್ಷದ ಆಸೆ ಒಂದು ಮುಚ್ಚಿದ ಕದದ ಮುಂದೆ ಮುರುಟಿ ಹೋಗುತ್ತದಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಗೌಡರು ನೋಡಿದರೋ ಏನೋ, ಯಾವ ಊರಿಗೆ ಎಂದು ಮಾತಿಗೆಳೆದರು. ಹೇಳಿದೆ. ಆ ಊರಲ್ಲಿ ಏನಿದೆ ಎಂದರು. ಮೇಡಂ ಬುದ್ಧಿ ಎಲ್ಲಿ ಹೋಗುತ್ತದೆ, ಪಾಠ ಶುರು ಮಾಡಿದೆ. ಸಾವಿರ ವರ್ಷ ಯಾರೂ ಒಡೆಯಲಾಗದ ಗೋಡೆ, ಒಂದರ ಹಿಂದೆ ಒಂದು. ತುರ್ಕರು ಐವತ್ತು ದಿನದ ಮೇಲೂ ಫಿರಂಗಿ ಹೊಡೆದರು. ಕೊನೆಗೆ ಒಂದು ರಾತ್ರಿ ಕೋಟೆಯ ಒಂದು ಸಣ್ಣ ಬಾಗಿಲಿನ ಅಗುಳಿ ಹಾಕುವುದನ್ನು ಒಳಗಿನವರು ಮರೆತರಂತೆ, ಶತ್ರುಗಳು ಅದರಲ್ಲಿ ನುಗ್ಗಿದರಂತೆ. ಅಂಗಳದಲ್ಲಿದ್ದವರೆಲ್ಲ ಹತ್ತಿರ ಸರಿದು ಕೂತರು.

"ಅಷ್ಟು ದೊಡ್ ಕ್ವಾಟೆ ಒಂದು ಅಗುಳಿಗೆ ಓಯ್ತಾ!" ಎಂದರು ಗೌಡರು. ಸ್ವಲ್ಪ ಹೊತ್ತು ಎಲೆಯಡಿಕೆ ಅಗಿದು ಕೇಳಿದರು: "ಆ ಬಾಗ್ಲು ಈಗ ಆಕೈತಾ, ತಗ್ದೈತಾ?"

ಅಷ್ಟು ವರ್ಷ ಆ ಕಥೆ ಹೇಳಿದ್ದೇನೆ, ಒಂದು ಮಗುವೂ ಅದನ್ನು ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. "ಗೊತ್ತಿಲ್ಲ" ಎಂದೆ. ಹೇಳಲು ನಾಚಿಕೆಯಾಯಿತು.

"ಮೇಡಮ್ಮೋರಿಗೇ ಗೊತ್ತಿಲ್ವಾ? ಅಂಗಾರೆ ಓಗಿ ನೋಡ್ಕಂಡ್ ಬರ್ಬೇಕು ಕಣವ್ವ" ಎಂದವರೇ ಕೋಲೂರಿ ಎದ್ದರು. ಕದದ ಸಂದಿಗೆ ಬಾಯಿಟ್ಟು, ಒಳಗೆ ಊಟಕ್ಕೆ ಕೂತವರಿಗೆ ಹೇಳುವ ದನಿಯಲ್ಲೇ ಹೇಳಿದರು: "ಅಪ್ಪಾ, ಅವ್ವಾ, ವಸಿ ಬೇಗ ಉಣ್ಣಿ. ಮೇಡಮ್ಮೋರ ಇಮಾನಕ್ಕೆ ಒತ್ತಾಯ್ತದೆ. ಅದ್ಯಾವ್ದೋ ಬಾಗ್ಲು ನೋಡ್ಬೇಕಂತೆ."

ಯಾರೂ ನಗಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಗೌಡರು ಮೂರು ಸಲ ಕೆಮ್ಮಿ ಬಾಗಿಲು ತಳ್ಳಿದರು. ಒಳಗೆ ದೀಪ, ಧೂಪದ ಹೊಗೆ, ಬಾಳೆ ಎಲೆಗಳ ಸಾಲು, ಮೇಲಿನ ಗೂಡಿನಲ್ಲಿ ನನ್ನ ಹಳದಿ ಗಂಟು. ಪುಟ್ಟಲಕ್ಷ್ಮಮ್ಮ ಅದರ ಜೊತೆ ಬೇರೆ ಒಲೆಯಲ್ಲಿ ಕರಿದ ಕಜ್ಜಾಯದ ಒಂದು ಪೊಟ್ಟಣವನ್ನೂ ಕೊಟ್ಟಳು. ಗೌಡರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನ್ನಿಸಿ ಬಗ್ಗಿದೆ. ಅವರು ಗಾಬರಿಯಿಂದ ಹಿಂದೆ ಸರಿದರು. "ಐನೋರ ಮನೇರು, ಅಂಗೆಲ್ಲಾ ಮಾಡ್ಬಾರ್ದು, ಓಗಿ ಓಗಿ" ಎಂದರು.

ಅರಕಲಗೂಡಿನ ಬೂತಿನಿಂದ ಮಂಜುಳೆಗೆ ಫೋನ್ ಮಾಡಿದೆ. ವ್ಯಾನು ಹನ್ನೆರಡೂವರೆಯ ತನಕ ಕಾಯುತ್ತದೆ, ಆಮೇಲೆ ಇಲ್ಲ ಎಂದಳು. ಹತ್ತು ಗಂಟೆಯ ಬಸ್ಸು ಬಂದ ದಾರಿಯಲ್ಲೇ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೊರಟಿತು. ನಮ್ಮೂರಿನಲ್ಲಿ ಐದು ನಿಮಿಷ ನಿಂತರೂ ನಾನು ಸೀಟು ಬಿಟ್ಟು ಏಳಲಿಲ್ಲ. ಊರು ದಾಟುವಾಗ ಹೊಳೆ ಕಂಡಿತು. ಮೊಣಕಾಲು ನೀರಿನಲ್ಲಿ ಸಾಲಾಗಿ ನಿಂತವರ ಮುಂದೆ ನಮ್ಮ ಯಜಮಾನರು, ಒದ್ದೆ ಪಂಚೆ, ದಕ್ಷಿಣಕ್ಕೆ ಮುಖ. ಬಸ್ಸಿನ ಕಡೆ ಅವರ ಬೆನ್ನಿತ್ತು. ಯಾರ ಯಾರದೋ ಮುತ್ತಾತಂದಿರ ಹೆಸರು ಹೇಳಿಸುತ್ತ ಬೆಳಗಿನಿಂದ ನಿಂತ ಆ ಮನುಷ್ಯನಿಗೆ ನನ್ನ ಬೆಳಗಿನ ಫಜೀತಿ ಒಂದೂ ಗೊತ್ತಿರಲಿಲ್ಲ. ಇವರೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ತುಂಬಾ ಅನ್ನಿಸಿತು.

ಹನ್ನೆರಡೂ ಇಪ್ಪತ್ತೈದಕ್ಕೆ ಚನ್ನರಾಯಪಟ್ಟಣ. ವ್ಯಾನಿನವರು ಎಳನೀರು ಕುಡಿಯುತ್ತ ನಿಂತಿದ್ದರು. ಗುಂಪಿನ ಹಿರಿಯರಾದ ನಿವೃತ್ತ ಪ್ರಾಂಶುಪಾಲರು ಏನಾಯಿತು ಎಂದು ಕೇಳಿದ್ದಕ್ಕೆ, "ಹಿರಿಯರ ಊಟ ತಡವಾಯಿತು" ಎಂದೆ. ಅವರು ಅರ್ಥವಾದವರಂತೆ ತಲೆಯಾಡಿಸಿದರು.

ನಾಲ್ಕೂವರೆಗೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿದ್ದೆವು. ಅಧಿಕಾರಿ ನನ್ನ ಪಾಸ್‌ಪೋರ್ಟ್ ತೆರೆದಾಗ ನಾಲ್ಕು ಅರಿಸಿನದ ಅಕ್ಕಿಕಾಳು ಮೇಜಿನ ಮೇಲೆ ಉದುರಿದವು. ಆತ ಅವನ್ನು ಬೆರಳಿನಿಂದ ನನ್ನ ಕಡೆಗೇ ತಳ್ಳಿ ಮುದ್ರೆ ಒತ್ತಿದ. ಕೊಲ್ಲಿಯ ಒಂದು ಊರಿನಲ್ಲಿ ವಿಮಾನ ಬದಲಿಸಿ, ಶನಿವಾರ ಬೆಳಿಗ್ಗೆ ಇಸ್ತಾಂಬುಲ್ ತಲುಪಿದೆವು. ಹಾಸನದ ಡಿಸೆಂಬರಿನಂಥ ತಣ್ಣನೆ ಗಾಳಿ. ನಾವು ಉಳಿದುಕೊಂಡ ಹೋಟೆಲ್ ಹಳೇ ಪೇಟೆಯಲ್ಲಿತ್ತು, ಇಬ್ಬರಿಗೊಂದು ಕೋಣೆ. ಬೇಳೆಯ ಸೂಪು, ಬ್ರೆಡ್ಡು, ಟೊಮೇಟೊ, ನಾನು ಒಯ್ದಿದ್ದ ಚಟ್ನಿಪುಡಿ. ಐದು ದಿನವೂ ಊಟಕ್ಕೆ ತೊಂದರೆಯಾಗಲಿಲ್ಲ.

ಭಾನುವಾರ ನನ್ನ ಗುಮ್ಮಟದ ಕೆಳಗೆ ನಿಂತೆ. ಒಳಗೆ ನೆಲದಿಂದ ನೆತ್ತಿಯ ತನಕ ದುರಸ್ತಿಯ ಕಬ್ಬಿಣದ ಅಟ್ಟಣೆ ಕಟ್ಟಿದ್ದರು. ಆದರೂ ಉಳಿದರ್ಧ ಗುಮ್ಮಟವೇ ನನಗೆ ಸಾಕಾಯಿತು. ನಾನು ಬರೆಯುತ್ತಿದ್ದ ಮಡಕೆಗಿಂತ ಅದು ಚಪ್ಪಟೆ, ಬೋರಲು ಹಾಕಿದ ಬೋಗುಣಿಯ ಹಾಗೆ. ಇಪ್ಪತ್ತೆಂಟು ತಂಡ ಮಕ್ಕಳಿಗೆ ತಪ್ಪಾಗಿ ಬರೆದುಕೊಟ್ಟಿದ್ದೆ ಎಂದು ನಗು ಬಂತು.

ಸೋಮವಾರ ಸಂಜೆ ಹಳೆಯ ಕುದುರೆ ಪಂದ್ಯದ ಬಯಲಿನಲ್ಲಿ ನಡೆಯುತ್ತಿದ್ದಾಗ, ಹುಲ್ಲಿನ ಮೇಲೆ ಬಟ್ಟೆ ಹಾಸಿಕೊಂಡು ನೂರಾರು ಸಂಸಾರಗಳು ಕೂತಿದ್ದವು. ಎಲ್ಲರ ಮುಂದೆ ರೊಟ್ಟಿ, ಆಲಿವ್, ಖರ್ಜೂರ. ಒಬ್ಬರೂ ಕೈ ಹಾಕಿರಲಿಲ್ಲ. ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು ನನ್ನ ಸೀರೆಯನ್ನು ನೋಡಿ ನಕ್ಕು, ಪಕ್ಕದಲ್ಲಿ ಕೂರಲು ಜಾಗ ತೋರಿಸಿದಳು. ಗಡಿಯಾರದ ಮೇಲೆ ಬೆರಳಿಟ್ಟು ಇನ್ನೂ ನಾಲ್ಕು ನಿಮಿಷ ಎಂದು ಸನ್ನೆ ಮಾಡಿದಳು. ಮೂರು ದಿನದ ಕೆಳಗೆ ಅರಕಲಗೂಡಿನ ಅಂಗಳದಲ್ಲಿ ಚಡಪಡಿಸಿದವಳು ಇಲ್ಲಿ ನೆಮ್ಮದಿಯಾಗಿ ಕಾದೆ. ಉಪವಾಸ ಬಿಡುವ ತೋಪು ಹಾರಿತು, ಬಾಂಗು ಕೇಳಿತು. ಅವಳು ಖರ್ಜೂರ ಕೊಟ್ಟಳು, ನಾನು ಪುಟ್ಟಲಕ್ಷ್ಮಮ್ಮನ ಕಜ್ಜಾಯ ಕೊಟ್ಟೆ. ಬಯಲಿನ ಪಕ್ಕದ ಮಸೀದಿಯ ಆಚೆ ತದಿಗೆಯ ಚಂದ್ರ ಕಂಡಿತು. ಯಾವ ಅಮಾವಾಸ್ಯೆಗೆ ಹೆದರಿ ವಕೀಲರು ಸೀಟು ಬಿಟ್ಟರೋ, ಅದೇ ಅಮಾವಾಸ್ಯೆ ಕಳೆದು ಹುಟ್ಟಿದ ಚಂದ್ರನನ್ನು ಹಿಡಿದೇ ಇವರ ರಂಜಾನ್ ತಿಂಗಳು ಶುರುವಾಗಿತ್ತು.

ಮಂಗಳವಾರ ಉಳಿದವರು ಪೇಟೆಗೆ ಹೋದರು. ನಾನು ನಮ್ಮ ಗುಂಪಿನ ಗೈಡನ್ನು ಒಪ್ಪಿಸಿ ಕೋಟೆಗೋಡೆಗೆ ಹೋದೆ. ಗೋಡೆಯ ಬುಡದಲ್ಲಿ, ಹಿಂದೆ ಕಂದಕವಿದ್ದ ಜಾಗದಲ್ಲಿ, ಈರುಳ್ಳಿ, ಸೊಪ್ಪಿನ ಮಡಿಗಳಿದ್ದವು. ಬಹಳ ದೂರ ನಡೆದ ಮೇಲೆ ಗೈಡ್ ಒಂದು ತಗ್ಗಿನ ಕಮಾನು ತೋರಿಸಿದ. ಇದೇ ಎಂದು ಕೆಲವರು, ಇದಲ್ಲ ಎಂದು ಕೆಲವರು, ಆ ಕಥೆಯೇ ಸುಳ್ಳು ಎಂದು ಇನ್ನು ಕೆಲವರು ಎಂದ. ನನಗೆ ಜಗಳ ಬೇಕಿರಲಿಲ್ಲ. ನಮ್ಮ ಹಿತ್ತಲ ಬಾಗಿಲಿನಷ್ಟೇ ಎತ್ತರ. ಬಗ್ಗಿ ನೋಡಿದೆ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಮುದುಕಿ ಸೊಪ್ಪಿನ ಚೀಲ ಹಿಡಿದು ನಮ್ಮನ್ನು ದಾಟಿಕೊಂಡು ಹೋದಳು. ನಾನೂ ತಲೆ ತಗ್ಗಿಸಿ ಒಳಗೆ ಹೋಗಿ, ಒಂದು ನಿಮಿಷ ನಿಂತು, ಹೊರಗೆ ಬಂದೆ. ಯಾಕೆಂದು ಹೇಳಲಾರೆ, ಗುಮ್ಮಟದ ಕೆಳಗೆ ಬರದ ಅಳು ಇಲ್ಲಿ ಬಂತು.

ಗುರುವಾರ ಹೊರಟು ಶುಕ್ರವಾರ ಮನೆ ಸೇರಿದೆ. ಯಜಮಾನರು ಬಾಗಿಲಲ್ಲೇ ಗಂಟು ಇಸಿದುಕೊಂಡು ನಾಣ್ಯವನ್ನು ದೇವರ ಮುಂದೆ ಇಟ್ಟರು. "ನೋಡಿದೆಯಾ, ಪ್ರಸ್ಥಾನ ಇಟ್ಟದ್ದಕ್ಕೇ ಎಲ್ಲ ಸುಸೂತ್ರವಾಯಿತು" ಎಂದರು. ನಾನು ಕಾಫಿ ಕುಡಿದು, ನಿಧಾನವಾಗಿ ಎಲ್ಲ ಹೇಳಿದೆ. ಅವರು ಗಂಟಿನ ಹಳದಿ ಬಟ್ಟೆಯನ್ನು ಮಡಿಸಿಟ್ಟರು. ಆಮೇಲೆ, "ನಾಳೆ ಅರಕಲಗೂಡಿಗೆ ಹೋಗಿಬರೋಣ, ನಾನೂ ಬರುತ್ತೇನೆ" ಎಂದರು.

ಚಿಕ್ಕೇಗೌಡರು ಅದೇ ಕಂಬಳಿಯ ಮೇಲೆ ಕೂತಿದ್ದರು. ನಡುಮನೆಯ ಬಾಗಿಲು ಅಗಲವಾಗಿ ತೆರೆದಿತ್ತು, ಒಳಗೆ ರಾಗಿಯ ಮೂಟೆಗಳಿದ್ದವು. ನಾನು ಕುಳಿತುಕೊಳ್ಳುವ ಮುಂಚೆಯೇ ಕೇಳಿದರು: "ನೋಡುದ್ರಾ?"

"ನೋಡಿದೆ. ಇದೇ ಎಂದು ತೋರಿಸಿದರು. ತೆರೆದೇ ಇದೆ. ಕದವೂ ಇಲ್ಲ, ಅಗುಳಿಯೂ ಇಲ್ಲ. ಒಬ್ಬಜ್ಜಿ ಸೊಪ್ಪು ತಗೊಂಡು ಬಂದಳು. ನಾನೂ ಒಳಗೆ ಹೋಗಿ ಬಂದೆ."

ಗೌಡರು ನಿಧಾನವಾಗಿ ತಲೆಯಾಡಿಸಿದರು. ಆಮೇಲೆ ನಮ್ಮಿಬ್ಬರನ್ನೂ ಬಿಟ್ಟು ನಡುಮನೆಯ ಕಡೆ ತಿರುಗಿ, ಅರ್ಧ ಊಟದಲ್ಲಿ ಎಬ್ಬಿಸಿ ಕಳಿಸಿದವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಅಪ್ಪಾ, ಕೇಳುಸ್ಕಂಡ್ಯಾ? ತಗ್ದೇ ಐತಂತೆ ಕಣಪ್ಪಾ."